ಬಾಟಲಿಗೆ ಸಾಕ್ಸ್ ಹಾಕಿ ನೋಡಿ: ಅಗ್ಗದ ವೈನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಶನಿವಾರ ಸಂಜೆ ಬೆಂಗಳೂರಿನ ನಮ್ಮ ಮನೆಯಲ್ಲಿ ಆರು ಜನ ಸೇರುತ್ತೇವೆ. ಮೇಜಿನ ಮೇಲೆ ನಾಲ್ಕು ಬಾಟಲಿ, ನಾಲ್ಕಕ್ಕೂ ಹಳೇ ಸಾಕ್ಸ್. ಒಳಗಿರುವುದು ಯಾವ ದೇಶದ್ದು, ಎಷ್ಟು ರೂಪಾಯಿಯದು ಅಂತ ಕುಡಿಯುವವರಿಗೆ ಗೊತ್ತಿರುವುದಿಲ್ಲ. ನಾವ್ಯಾರೂ ವೈನ್ ಪಂಡಿತರಲ್ಲ. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಏಳುತ್ತವೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಅಗ್ಗದ ವೈನ್ ಅಂದರೆ ಎಷ್ಟು ರೂಪಾಯಿ?

ನಮ್ಮ ಮಿತಿ ಬಾಟಲಿಗೆ 2,000 ರೂಪಾಯಿ. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್ ಇರುತ್ತದೆ, ಊಟಕ್ಕೆ ಹಂಚಿದರೆ ಐದು ಗ್ಲಾಸು.

"ಇದು ಅಗ್ಗವಾ?" ಅಂತ ಯುರೋಪಿನಲ್ಲಿರುವ ಕನ್ನಡಿಗರು ನಗಬಹುದು. ಸ್ಪೇನ್, ಪೋರ್ಚುಗಲ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ ನಾಲ್ಕೈದು ಯೂರೋಗೆ ಕುಡಿಯುವಂಥ ವೈನ್ ಸಿಗುತ್ತದೆ. ಅದು ಇಲ್ಲಿಗೆ ಬಂದು ಇಳಿಯುವಾಗ ಕತೆ ಬೇರೆ. ಆಮದು ವೈನ್‌ಗೆ ಭಾರತ ವರ್ಷಗಟ್ಟಲೆ ಹಾಕಿಕೊಂಡು ಬಂದ ಕಸ್ಟಮ್ಸ್ ಸುಂಕವೇ ಶೇ. 150. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ, ಆಮದು ಮಾಡುವವರ ಲಾಭ, ಅಂಗಡಿಯವರ ಲಾಭ. ಅಲ್ಲಿನ ಕೆಳಗಿನ ಶೆಲ್ಫಿನ ಬಾಟಲಿ ಇಲ್ಲಿ ಗಾಜಿನ ಬೀರುವಿನೊಳಗೆ ಕೂತಿರುತ್ತದೆ.

2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ ಅಲ್ಲಿನ ವೈನ್‌ಗೆ ಸುಂಕ ಇಳಿಯಿತು. ಆದರೆ ಬಾಟಲಿಯ ಆಮದು ಬೆಲೆ 5 ಅಮೆರಿಕನ್ ಡಾಲರ್ ದಾಟಿರಬೇಕು. ಅಂಥದ್ದಕ್ಕೆ ಶುರುವಿನಲ್ಲಿ ಶೇ. 100 ಸುಂಕ, ಆಮೇಲೆ ಹತ್ತು ವರ್ಷದಲ್ಲಿ ನಿಧಾನವಾಗಿ ಶೇ. 50. 15 ಡಾಲರ್ ಮೀರಿದ್ದಕ್ಕೆ ಇನ್ನೂ ಜಾಸ್ತಿ ರಿಯಾಯಿತಿ. ತೀರಾ ಅಗ್ಗದ್ದಕ್ಕೆ ಏನೂ ಇಲ್ಲ! ಜೇಬು ನೋಡಿಕೊಂಡು ಕುಡಿಯುವವರ ಕಷ್ಟ ಯಾರಿಗೂ ಬೇಡ.

ವಿದೇಶದಿಂದ ಬರುವವರು ಸುಂಕವಿಲ್ಲದೆ 2 ಲೀಟರ್ ತರಬಹುದು, ಅಂದರೆ ಎರಡು ಬಾಟಲಿ ವೈನ್. "ವಿಸ್ಕಿ ಬೇಡ, ವೈನ್ ತಾ" ಅಂತ ನನ್ನ ತಮ್ಮನನ್ನು ಒಪ್ಪಿಸಲು ಎರಡು ವರ್ಷ ಹಿಡಿಯಿತು.

ಬೆಲೆ ಜಾಸ್ತಿಯಾದರೆ ರುಚಿಯೂ ಜಾಸ್ತಿ ಅಲ್ವಾ?

ಬೆಲೆ ಗೊತ್ತಿದ್ದರೆ ಹೌದು. ಗೊತ್ತಿಲ್ಲದಿದ್ದರೆ ಅಷ್ಟೇನಿಲ್ಲ.

2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಕುತಂತ್ರ ಮಾಡಿದರು. ಜನರನ್ನು ಮೆದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ವೈನ್ ಕುಡಿಸಿದರು. ಒಂದೇ ವೈನ್, ಒಮ್ಮೆ "ಇದು 5 ಡಾಲರ್‌ದು", ಇನ್ನೊಮ್ಮೆ "ಇದು 45 ಡಾಲರ್‌ದು" ಎಂದರು. 45 ಅಂದಾಗ ಚೆನ್ನಾಗಿದೆ ಅಂದರು. ಬರೀ ಬಾಯಿಮಾತಲ್ಲ, ಮೆದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ರುಚಿ ಹತ್ತಿತ್ತು.

ಅದೇ ವರ್ಷ ಅಮೆರಿಕದಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ 6,000ಕ್ಕೂ ಹೆಚ್ಚು ಸಲ ಲೇಬಲ್ ಮುಚ್ಚಿ ವೈನ್ ರುಚಿ ನೋಡಿಸಿದ್ದರು. ಬೆಲೆ 1.65 ಡಾಲರ್‌ನಿಂದ 150 ಡಾಲರ್‌ವರೆಗೆ. ತರಬೇತಿ ಇಲ್ಲದ ಸಾಮಾನ್ಯ ಜನ ದುಬಾರಿ ವೈನ್‌ಗಳಿಗೆ ಅಗ್ಗದವಕ್ಕಿಂತ ಒಂಚೂರು ಕಡಿಮೆಯೇ ಅಂಕ ಕೊಟ್ಟಿದ್ದರು.

ಇದೆಲ್ಲಕ್ಕೂ ಮುಂಚೆ, 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಒಂದು ತಮಾಷೆ ನಡೆದಿತ್ತು. ಅಲ್ಲಿ ವೈನ್ ಅಂಗಡಿ ಇಟ್ಟಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಫ್ರಾನ್ಸಿನ ಘಟಾನುಘಟಿಗಳನ್ನು ಕೂರಿಸಿ ಫ್ರೆಂಚ್ ಮತ್ತು ಕ್ಯಾಲಿಫೋರ್ನಿಯಾ ವೈನ್‌ಗಳನ್ನು ಲೇಬಲ್ ತೋರಿಸದೆ ಕುಡಿಸಿದ. ಬಿಳಿಯದರಲ್ಲಿ ಷಾಟೊ ಮಾಂಟೆಲೀನಾ ಗೆದ್ದಿತು, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್. ಎರಡೂ ಕ್ಯಾಲಿಫೋರ್ನಿಯಾದವು, ಎರಡೂ 1973ರವು. ಲೇಬಲ್ ಕಂಡಿದ್ದರೆ ಹಾಗಾಗುತ್ತಿತ್ತಾ?

ಸರಿ, ಈ ಸಾಕ್ಸ್ ಹಾಕುವುದು ಹೇಗೆ?

ಕುಡಿಯದವರೊಬ್ಬರು ಬೇಕು. ನಮ್ಮ ಮನೆಯಲ್ಲಿ ನನ್ನ ಹೆಂಡತಿ. ಅಡುಗೆಮನೆಯಲ್ಲಿ ಒಬ್ಬಳೇ ಬಾಟಲಿ ತೆರೆಯುತ್ತಾಳೆ, ಕುತ್ತಿಗೆಯ ಹಾಳೆ ಪೂರ್ತಿ ಕಿತ್ತು ಹಾಕುತ್ತಾಳೆ, ಸಾಕ್ಸ್ ತೊಡಿಸಿ ನಂಬರ್ ಚೀಟಿ ಅಂಟಿಸುತ್ತಾಳೆ. ಹಾಳೆ ಕೀಳದಿದ್ದರೆ ಅದರ ಬಣ್ಣವೇ ಗುಟ್ಟು ಬಿಟ್ಟುಕೊಡುತ್ತದೆ. ಬಾಟಲಿಯ ಭುಜ ನೋಡಿ ಹೇಳುವ ಬುದ್ಧಿವಂತರೂ ನಮ್ಮಲ್ಲಿದ್ದಾರೆ: ಚೌಕ ಭುಜ ಬೋರ್ಡೋ ಶೈಲಿ, ಇಳಿಜಾರು ಭುಜ ಬರ್ಗಂಡಿ ಶೈಲಿ (ಎರಡೂ ಫ್ರಾನ್ಸಿನ ವೈನ್ ಸೀಮೆಗಳು). ಅವರು ಬಂದ ದಿನ ನಾಲ್ಕೂ ವೈನ್ ಸ್ಟೀಲ್ ಜಗ್‌ಗೆ ಹೋಗುತ್ತವೆ.

ಒಂದೊಂದು ಗ್ಲಾಸಿಗೆ 50 ಮಿಲಿಲೀಟರ್ ಸಾಕು. ಮುಖ್ಯವಾದ ನಿಯಮ ಒಂದೇ: ಮೊದಲು ಬರೆಯಿರಿ, ಆಮೇಲೆ ಮಾತಾಡಿ. ಯಾರಾದರೂ ಒಬ್ಬರು "ಆಹಾ, ಕರಿಮೆಣಸು" ಅಂದರೆ ಮುಗಿಯಿತು, ಆರೂ ಜನರ ಮೂಗಿಗೆ ಕರಿಮೆಣಸು ಬಡಿಯುತ್ತದೆ.

ಒಂದು ಸಂಜೆ ಗೆಳೆಯನೊಬ್ಬ ಬೋರ್ಡೋ ತಂದಿದ್ದ. ಏರ್‌ಪೋರ್ಟಿನಲ್ಲಿ 38 ಯೂರೋ ಕೊಟ್ಟದ್ದು. ವಾರವೆಲ್ಲ ಅದರದ್ದೇ ಮಾತು. ಅವತ್ತು ಅದರ ಪಕ್ಕದಲ್ಲಿ ಚಿಲಿ ದೇಶದ್ದೊಂದು ಇತ್ತು, ನಮ್ಮ ಮಿತಿಯೊಳಗಿನದು. ಚೀಟಿ ಬಿಚ್ಚಿದಾಗ ಅವನೇ ಬೋರ್ಡೋಗೆ ಕೊನೇ ಸ್ಥಾನ ಕೊಟ್ಟು, ಎದುರಿಗೆ "ಒಣಗಿದ ಮರ" ಅಂತ ಬರೆದಿದ್ದ. ಸಾಕ್ಸ್ ಎಳೆದಾಗ ಅವನ ಮುಖ ನೋಡಬೇಕಿತ್ತು. "ಇನ್ನೊಂದು ಸಲ ಹಾಕಿ" ಅಂದ. ಹಾಕಿದೆವು. ಈ ಸಲ ಲೇಬಲ್ ನೋಡುತ್ತಾ ಕುಡಿದು "ಈಗ ಬಿಚ್ಚಿಕೊಳ್ಳುತ್ತಿದೆ" ಅಂದ. ನಿಜ ಹೇಳಬೇಕೆಂದರೆ ಎಳೆಯ ಬೋರ್ಡೋ ಗಾಳಿ ತಾಗಿದ ಮೇಲೆ ಮೆತ್ತಗಾಗುವುದು ಉಂಟು. ಆದರೆ ಹತ್ತು ನಿಮಿಷದಲ್ಲಿ ಅಷ್ಟೊಂದಲ್ಲ.

ಯಾವ ಗ್ಲಾಸು? ಎಷ್ಟು ತಣ್ಣಗೆ?

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಯಾವ ಗ್ಲಾಸಾದರೂ ಸರಿ. ಎಲ್ಲರಿಗೂ ಒಂದೇ ಥರದ್ದಿರಲಿ. ಕಾಲು ಭಾಗ ತುಂಬಿಸಿ, ಮೇಲಿನ ಜಾಗ ಪರಿಮಳಕ್ಕೆ.

ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಅನ್ನುವುದು ಯುರೋಪಿನ ಹಳೇ ಮನೆಗಳ ಮಾತು. ಅಲ್ಲಿನ ಕೋಣೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 28. ಆ ಬಿಸಿಗೆ ಆಲ್ಕೋಹಾಲ್ ಘಾಟೇ ಮುಂದೆ ಬರುತ್ತದೆ. ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಯದಕ್ಕೆ 8ರಿಂದ 12 ಡಿಗ್ರಿ, ಅಂದರೆ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು. ಒಂದು ಕಿವಿಮಾತು: ತೀರಾ ತಣ್ಣಗೆ ಮಾಡಿದರೆ ಕೆಟ್ಟ ವೈನಿನ ತಪ್ಪುಗಳೂ ಮುಚ್ಚಿಹೋಗುತ್ತವೆ. ಕುಡಿಯುವುದಕ್ಕೆ ಅನುಕೂಲ, ತೂಗಿ ನೋಡುವುದಕ್ಕೆ ಅಲ್ಲ.

ಬಾಯಲ್ಲಿ ಏನನ್ನು ಗಮನಿಸಬೇಕು?

ಸಿಹಿ, ಹುಳಿ, ಒಗರು, ಘಾಟು. ಈ ನಾಲ್ಕನ್ನು ಬೇರೆ ಬೇರೆ ಗುರುತಿಸಲು ಬಂದರೆ ಅರ್ಧ ಕೆಲಸ ಆಯಿತು.

ಸಿಹಿ ಮತ್ತು ಹಣ್ಣಿನ ಘಮ ಬೇರೆ ಬೇರೆ. ಮೂಗಿಗೆ ಮಾಗಿದ ಹಣ್ಣು ಬಡಿದರೂ ನಾಲಿಗೆ ತುದಿಯಲ್ಲಿ ಸಕ್ಕರೆ ಇಲ್ಲದಿರಬಹುದು. ಮೂಗು ಹಿಡಿದು ಒಂದು ಗುಟುಕು ಕುಡಿದರೆ ತಕ್ಷಣ ಗೊತ್ತಾಗುತ್ತದೆ. ಹುಳಿ ಅಂದರೆ ನುಂಗಿದ ಮೇಲೆ ಬಾಯಲ್ಲಿ ನೀರೂರುವುದು. ಹುಳಿ ಕಡಿಮೆಯಾದ ವೈನ್ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪೆ.

ಟ್ಯಾನಿನ್ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ವಿವರಣೆ ಇರುತ್ತದೆ. ನಮಗೆ ಅದೆಲ್ಲ ಬೇಕಿಲ್ಲ. ಅದು ಒಗರು. ಹಸಿ ಅಡಿಕೆ ಅಗಿದಾಗ, ಬಲಿಯದ ಬಾಳೆಕಾಯಿ ಕಚ್ಚಿದಾಗ, ನೇರಳೆ ಹಣ್ಣು ಜಾಸ್ತಿ ತಿಂದಾಗ ಒಸಡು ಹಿಡಿದುಕೊಳ್ಳುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದರಿಂದ ಅದರಲ್ಲಿ ಒಗರು ಜಾಸ್ತಿ. ಈ ಒಂದು ಪದ ಗೊತ್ತಿರುವುದರಿಂದ ನಾವು ಎಷ್ಟೋ ಮುಂದಿದ್ದೇವೆ.

ಘಾಟು ಅಂದರೆ ಆಲ್ಕೋಹಾಲ್‌ನ ಬಿಸಿ. ಲೇಬಲ್‌ನಲ್ಲಿ ಶೇ. 14.5 ಇದ್ದರೂ ಗಂಟಲು ಉರಿಯದಿದ್ದರೆ ವೈನ್ ಚೆನ್ನಾಗಿ ಕೂಡಿ ಬಂದಿದೆ ಅಂತ ಅರ್ಥ.

ಕೊನೆಗೆ, ನುಂಗಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹತ್ತಕ್ಕೂ ರುಚಿ ಉಳಿದಿದ್ದರೆ ಒಳ್ಳೆಯ ಲಕ್ಷಣ. ಅಗ್ಗದ ವೈನ್ ಸೋಲುವುದು ಹೆಚ್ಚಾಗಿ ಇಲ್ಲೇ: ಮೊದಲ ಗುಟುಕು ಭರ್ಜರಿ, ನಾಲ್ಕು ಎಣಿಸುವಷ್ಟರಲ್ಲಿ ಖಾಲಿ.

ಲೇಬಲ್‌ನಲ್ಲಿ "ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ" ಅಂತಿರುತ್ತದೆ. ನಾನು ಅದನ್ನು ತಿಂದೇ ಇಲ್ಲ.

ನಾನೂ ತಿಂದಿಲ್ಲ. ನಿಮಗೆ ಗೊತ್ತಿರುವ ವಾಸನೆಗಳನ್ನೇ ಬರೆಯಿರಿ. ಸೊವಿನ್ಯೋಂ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ವೈನ್‌ನಲ್ಲಿ ನಮ್ಮವರಿಗೆ ಸಿಗುವುದು ಸೀಬೆಕಾಯಿ ಮತ್ತು ಹೆಚ್ಚಿದ ದೊಣ್ಣೆ ಮೆಣಸಿನಕಾಯಿ. ದೊಣ್ಣೆ ಮೆಣಸು ಕಲ್ಪನೆಯಲ್ಲ. ಪೈರಾಜಿನ್ ಎಂಬ ಒಂದೇ ಬಗೆಯ ವಸ್ತು ಎರಡರಲ್ಲೂ ಇದೆ. ಶಿರಾಜ್ ಎಂಬ ಕೆಂಪು ವೈನಿನ ಕರಿಮೆಣಸಿನ ಘಾಟಿಗೂ ಹೀಗೇ ಕಾರಣ ಇದೆ, ನಿಜವಾದ ಕರಿಮೆಣಸಿನಲ್ಲಿರುವ ರೊಟುಂಡೋನ್. ಗೆವುರ್ಟ್ಸ್‌ಟ್ರಮೀನರ್ ಎಂಬ ಬಿಳಿ ವೈನ್ ಮೂಸಿದರೆ ಲಿಚಿ, ಗುಲಾಬಿ. ಹಳೇ ರೀಸ್ಲಿಂಗ್‌ನಲ್ಲಿ (ಇದೂ ಬಿಳಿ) ಸೀಮೆಎಣ್ಣೆ, ಅದು ದೋಷವಲ್ಲ. ಓಕ್ ಮರದ ಪೀಪಾಯಿಯಲ್ಲಿ ಇಟ್ಟದ್ದಾದರೆ ಲವಂಗ, ವೆನಿಲ್ಲಾ. ಅಮೆರಿಕನ್ ಓಕ್ ಆದರೆ ಕೊಬ್ಬರಿ.

ಕಣ್ಣು ಮೂಗನ್ನು ಹೇಗೆ ಏಮಾರಿಸುತ್ತದೆ ಅನ್ನುವುದನ್ನೂ ನೆನಪಿಡಿ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ 54 ಜನರಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಎಲ್ಲರೂ ವೈನ್ ವಿಷಯವನ್ನೇ ಓದುತ್ತಿದ್ದವರು. ಆದರೂ ಕೆಂಪು ವೈನಿಗೆ ಬಳಸುವ ಪದಗಳನ್ನೇ ಬರೆದರು.

ಅಂಕ ಕೊಡುವುದು ಹೇಗೆ?

ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯ ಮಾಡಿದ 100 ಅಂಕದ ಪದ್ಧತಿಯಲ್ಲಿ ಲೆಕ್ಕ ಶುರುವಾಗುವುದೇ 50ರಿಂದ. ಅಂಗಡಿಯಲ್ಲಿ ಕಾಣುವುದೆಲ್ಲ 88, 90, 92. ಈ ಎರಡಂಕದ ವ್ಯತ್ಯಾಸ ನನ್ನ ನಾಲಿಗೆಗಂತೂ ಸಿಕ್ಕಿಲ್ಲ.

ನಮ್ಮದು 10 ಅಂಕ. ಪರಿಮಳಕ್ಕೆ 3, ಬಾಯಲ್ಲಿನ ಹದಕ್ಕೆ 3, ಉಳಿಯುವ ರುಚಿಗೆ 2. ಮಿಕ್ಕ 2 ಅಂಕ "ಇನ್ನೊಂದು ಗ್ಲಾಸು ಬೇಕಾ?" ಅನ್ನುವ ಪ್ರಶ್ನೆಗೆ. ನಾಲ್ಕೂ ಬಾಟಲಿ ಅಲ್ಲೇ ಇಟ್ಟು ಊಟಕ್ಕೆ ಕೂತಾಗ ಯಾವುದು ಮೊದಲು ಖಾಲಿಯಾಗುತ್ತದೋ ಅದನ್ನೂ ಬರೆದಿಡುತ್ತೇವೆ. ಎಷ್ಟೋ ಸಲ ಅಂಕದಲ್ಲಿ ಗೆದ್ದದ್ದು ಬಾಟಲಿಯಲ್ಲೇ ಉಳಿದಿರುತ್ತದೆ.

ಚಿನ್ನದ ಪದಕದ ಸ್ಟಿಕರ್ ನಂಬಬಹುದಾ?

ನಮ್ಮ ಮನೆಯ ಕತೆ ಕೇಳಿ. ಹೆಂಡತಿ ಆಗಾಗ ಯಾರಿಗೂ ಹೇಳದೆ ಒಂದೇ ವೈನನ್ನು ಎರಡು ನಂಬರಿನಲ್ಲಿ ಇಡುತ್ತಾಳೆ. ಒಮ್ಮೆ ನಾನು ಎರಡನೇ ನಂಬರಿಗೆ 7 ಕೊಟ್ಟು, ನಾಲ್ಕನೆಯದಕ್ಕೆ 4 ಕೊಟ್ಟು "ಸಪ್ಪೆ" ಅಂತ ಬರೆದಿದ್ದೆ. ಒಂದೇ ಬಾಟಲಿ! ಮನೆಯಲ್ಲಿ ಇವತ್ತಿಗೂ ಅದೇ ನಗೆಚಾಟಿಕೆ.

ಆಮೇಲೆ ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಜ್‌ಸನ್ ಬಗ್ಗೆ ಓದಿ ಸಮಾಧಾನವಾಯಿತು. ಅವರೂ ವೈನ್ ಮಾಡುವವರು, ಜೊತೆಗೆ ಸಂಖ್ಯಾಶಾಸ್ತ್ರ ಬಲ್ಲವರು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮಿಕ್ಕವುಗಳ ನಡುವೆ ಮೂರು ಸಲ ಕೊಡಿಸಿದರು. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಮೂರಕ್ಕೂ ಒಂದೇ ಮಟ್ಟದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ.

ಹಾಗಾಗಿ ಪದಕ ಇದ್ದರೆ "ದೊಡ್ಡ ದೋಷ ಇರಲಾರದು" ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ.

ಯಾವ ದೇಶದ್ದು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ?

ಹೆಸರಿಗೆ ದುಡ್ಡು ಕೊಡಬೇಡಿ ಅನ್ನುವುದೊಂದೇ ಸೂತ್ರ. ಷಾಂಪೇನ್, ಬರ್ಗಂಡಿ, ಬರೋಲೋ ಅಂತ ಲೇಬಲ್‌ನಲ್ಲಿ ಬಂದರೆ ಅರ್ಧ ದುಡ್ಡು ಆ ಪದಕ್ಕೇ ಹೋಯಿತು.

ನನ್ನ ಮೊದಲ ಆಯ್ಕೆ ಚಿಲಿಯ ಕಾರ್ಮೆನೇರ್. ಇದರ ಕತೆಯೇ ಚೆಂದ. ಬೋರ್ಡೋದಿಂದ 19ನೇ ಶತಮಾನದಲ್ಲಿ ಚಿಲಿಗೆ ಹೋದ ಬಳ್ಳಿ. ಆಮೇಲೆ ಫ್ರಾನ್ಸಿನಲ್ಲಿ ಬೇರು ತಿನ್ನುವ ಫಿಲಾಕ್ಸರಾ ಕೀಟ ಬಂದು ತೋಟಗಳು ಹಾಳಾದವು, ಕಾರ್ಮೆನೇರ್ ಅಲ್ಲಿ ಹೆಚ್ಚುಕಡಿಮೆ ಕಾಣೆಯಾಯಿತು. ಚಿಲಿಯವರು ಅದನ್ನು ಮೆರ್ಲೋ ಎಂಬ ಇನ್ನೊಂದು ತಳಿ ಅಂದುಕೊಂಡೇ ಬೆಳೆದು, ಮೆರ್ಲೋ ಅಂತಲೇ ಮಾರುತ್ತಿದ್ದರು. 1994ರಲ್ಲಿ ಫ್ರಾನ್ಸಿನ ದ್ರಾಕ್ಷಿ ತಜ್ಞ ಜಾನ್-ಮಿಷೆಲ್ ಬುರ್ಸಿಕೋ ತೋಟದಲ್ಲಿ ನೋಡಿ "ಇದು ಮೆರ್ಲೋ ಅಲ್ಲ" ಅಂದ. ಸುಟ್ಟ ದೊಣ್ಣೆ ಮೆಣಸು, ನೇರಳೆ, ಒಂಚೂರು ಮಣ್ಣು. ಒಗರು ಕಡಿಮೆ. ನಮ್ಮ ಸಾರಿಗೆ ಹೊಂದುತ್ತದೆ.

ಪಕ್ಕದ ಅರ್ಜೆಂಟೀನಾದ ಮಾಲ್ಬೆಕ್ ಕೂಡ ಫ್ರಾನ್ಸಿನಿಂದಲೇ ಹೋದದ್ದು, 1853ರ ಹೊತ್ತಿಗೆ. ಮೆಂಡೋಜಾದಲ್ಲಿ ಆಂಡೀಸ್ ಬುಡದ ಎತ್ತರದ ತೋಟಗಳು. ಹಗಲು ಬಿಸಿಲು, ರಾತ್ರಿ ಚಳಿ. ಹಣ್ಣು ಮಾಗುತ್ತದೆ, ಹುಳಿಯೂ ಉಳಿಯುತ್ತದೆ. ಮೊದಲ ಸಲ ಕೆಂಪು ವೈನ್ ಕುಡಿಯುವವರಿಗೆ ನಾನು ಕೊಡುವುದು ಇದನ್ನೇ.

ಸ್ಪೇನಿನಲ್ಲಿ ಹೆಸರಾಂತ ರಿಯೋಹಾ ಸೀಮೆ ಬಿಟ್ಟು ಕಲತಾಯೂದ್, ಕಾಂಪೊ ದೆ ಬೋರ್ಹಾ ಅಂತ ಹುಡುಕಿ. ಗಾರ್ನಾಚಾ ಎಂಬ ಕೆಂಪು ತಳಿಯ ಹಳೇ ಬಳ್ಳಿಗಳ ಊರುಗಳು, ಹೆಸರು ಕೇಳಿದವರು ಕಡಿಮೆ. ಗುಳ್ಳೆ ಬರುವ ವೈನ್ ಬೇಕಾದರೆ ಕಾವಾ. ಷಾಂಪೇನ್ ಹಾಗೇ ಬಾಟಲಿಯೊಳಗೆ ಎರಡನೇ ಸಲ ಹುದುಗಿಸಿ ಮಾಡಿದ್ದು.

ಇಟಲಿಯಲ್ಲಿ ಸಿಸಿಲಿಯ ನೀರೋ ದಾವೊಲಾ, ಪುಲಿಯಾದ ಪ್ರಿಮಿಟೀವೋ. ಅಮೆರಿಕದವರು ತಮ್ಮದೇ ಎಂದು ಬೀಗುವ ಜಿನ್‌ಫಂಡೆಲ್ ಮತ್ತು ಈ ಪ್ರಿಮಿಟೀವೋ ಒಂದೇ ತಳಿ, ಮೂಲ ಕ್ರೊಯೇಷಿಯಾ. ದಕ್ಷಿಣ ಆಫ್ರಿಕಾದ್ದಾದರೆ ಬಿಳಿಯ ಶೆನಿನ್ ಬ್ಲಾಂಕ್ ತಗೊಳ್ಳಿ. ಅವರ ಹೆಮ್ಮೆಯ ಪಿನೊಟಾಜ್ ಇದೆಯಲ್ಲ, 1925ರಲ್ಲಿ ಎರಡು ತಳಿ ಕೂಡಿಸಿ ಮಾಡಿದ್ದು, ಅದು ನನಗೆ ಒಗ್ಗಿಲ್ಲ. ಅಗ್ಗದ್ದರಲ್ಲಿ ಸುಟ್ಟ ರಬ್ಬರ್ ವಾಸನೆ ಹೊಡೆಯುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರು ಇದಕ್ಕೆ ಜಗಳಕ್ಕೇ ಬರುತ್ತಾರೆ.

ನಮ್ಮ ಕರ್ನಾಟಕದ ವೈನ್?

ಸಾಕ್ಸ್ ಹಾಕಿ ಕುಳ್ಳಿರಿಸಿದರೆ ಮರ್ಯಾದೆ ಉಳಿಸಿಕೊಳ್ಳುತ್ತದೆ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ 1980ರ ದಶಕದಿಂದ ಫ್ರೆಂಚ್ ತಳಿ ಬೆಳೆಯುತ್ತಿದ್ದಾರೆ. ಬೋರ್ಡೋದ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾನ್ ಅಲ್ಲಿಗೆ ಬಂದು ಕೆಲಸ ಮಾಡಿದ್ದಾರೆ. ಹಂಪಿ ಸುತ್ತಮುತ್ತ, ವಿಜಯಪುರದ ಕಡೆಯೂ ವೈನ್ ದ್ರಾಕ್ಷಿ ಇದೆ. ನಮ್ಮ ಬಿಸಿಲಿಗೆ ಬಳ್ಳಿ ಚಳಿಗಾಲದ ನಿದ್ದೆ ಮಾಡುವುದಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿಸಿ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಯುತ್ತಾರೆ. ಆಮದು ಸುಂಕ ಇಲ್ಲದ್ದರಿಂದ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ. ತಿನ್ನಲು, ಜ್ಯೂಸಿಗೆ ಸೊಗಸು. ಅದರ ವೈನ್‌ನಲ್ಲಿ ಮಾತ್ರ ದ್ರಾಕ್ಷಿ ಬಬಲ್‌ಗಮ್ ವಾಸನೆ ಬಿಡುವುದಿಲ್ಲ. ಸಿಹಿ ವೈನ್‌ಗೆ ಸರಿ.

ಗೋವಾದಿಂದ ತರುವ ಪೋರ್ಟ್ ವೈನ್?

ಅದು ಸಿಹಿ ಕೆಂಪು ವೈನ್. ಪೋರ್ಚುಗಲ್‌ನ ಡೋರೊ ಕಣಿವೆಯ ಪೋರ್ಟ್‌ಗೆ ದ್ರಾಕ್ಷಿ ಸಾರಾಯಿ ಸೇರಿಸಿರುತ್ತಾರೆ, ಆಲ್ಕೋಹಾಲ್ ಶೇ. 20ರ ಹತ್ತಿರ. ಹೆಸರು ಒಂದೇ, ಅಷ್ಟೇ.

ವೈನ್ ಹಾಳಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ನನ್ನ ಅಮ್ಮ ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಒಮ್ಮೆ ನಾವು ಆರು ಜನ ಒಂದು ಬಾಟಲಿಯ ಮೇಲೆ ಗಂಭೀರವಾಗಿ ಚರ್ಚೆ ಮಾಡುತ್ತಿದ್ದೆವು. ಒಬ್ಬ "ಕಾಡಿನ ನೆಲ" ಅಂದ, ಇನ್ನೊಬ್ಬ "ಅಣಬೆ" ಅಂದ. ಅಮ್ಮ ಕೋಸಂಬರಿ ತಂದಿಟ್ಟು, ಗ್ಲಾಸು ಎತ್ತಿ ಮೂಸಿ, "ಏನೋ ಇದು, ಒದ್ದೆ ಗೋಣಿಚೀಲದ ವಾಸನೆ" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಕಾರ್ಕ್ ದೋಷ ಅಂದರೆ ಅದೇ. ಟಿಸಿಎ ಎಂಬ ವಸ್ತು ಕಾರ್ಕ್‌ನಿಂದ ವೈನಿಗೆ ಇಳಿದು ಹಣ್ಣಿನ ಘಮವನ್ನೆಲ್ಲ ಕೊಲ್ಲುತ್ತದೆ. ಕುಡಿದರೆ ಅಪಾಯವಿಲ್ಲ, ಆದರೆ ಸುಖವೂ ಇಲ್ಲ.

ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಸಿಗುವುದು ಬಿಸಿಗೆ ಬೆಂದ ವೈನ್. ಹಣ್ಣಿನ ಬದಲು ಜಾಮ್ ಅಡಿ ಹಿಡಿದ ವಾಸನೆ, ಕೆಲವೊಮ್ಮೆ ಕಾರ್ಕ್ ಮೇಲಕ್ಕೆ ಉಬ್ಬಿರುತ್ತದೆ. ಒಂದು ಅಂಗಡಿಯಲ್ಲಿ ಬಾಟಲಿಗಳನ್ನೆಲ್ಲ ಪಶ್ಚಿಮದ ಕಿಟಕಿಗೆ ಒರಗಿಸಿ ಚೆಂದ ಜೋಡಿಸಿದ್ದರು. ಗೊತ್ತಿದ್ದೂ ತಂದೆ. ಮೂರರಲ್ಲಿ ಎರಡು ಹೋಗಿದ್ದವು. ಈಗ ಅಂಗಡಿಗೆ ಹೋದರೆ ಮೊದಲು ನೋಡುವುದು ಬಿಸಿಲು ಎಲ್ಲಿ ಬೀಳುತ್ತದೆ ಅಂತ.

ಸ್ಕ್ರೂ ಕ್ಯಾಪ್ ಅಂದರೆ ಕಳಪೆ ಅಲ್ವಾ?

ಅಲ್ಲ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು 2000ದಲ್ಲಿ ಒಟ್ಟಾಗಿ ಸ್ಕ್ರೂ ಕ್ಯಾಪ್‌ಗೆ ಬದಲಾದದ್ದೇ ಗೋಣಿಚೀಲದ ಕಾಟ ತಪ್ಪಿಸಿಕೊಳ್ಳಲು. ಅಗ್ಗದ ವೈನ್‌ಗೆ ನಾನು ಅದನ್ನೇ ಹುಡುಕುತ್ತೇನೆ.

ಇಟ್ಟಷ್ಟೂ ರುಚಿ ಹೆಚ್ಚುತ್ತದಂತೆ?

ಈ ಬೆಲೆಯದ್ದು ಇಟ್ಟರೆ ಕೆಡುತ್ತದೆ. ಬಿಳಿ, ಗುಲಾಬಿ ಬಣ್ಣದ ರೋಸೆ ಆದರೆ ಕೊಯ್ದ ವರ್ಷದಿಂದ ಎರಡು ವರ್ಷದೊಳಗೆ, ಕೆಂಪು ನಾಲ್ಕರೊಳಗೆ ಮುಗಿಸಿ.

ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ?

ಖಾರ ಇದ್ದ ಕಡೆ ಒಗರು ಮತ್ತು ಘಾಟು ಕಡಿಮೆ ಇರಲಿ, ಇಲ್ಲದಿದ್ದರೆ ಬಾಯಿಗೆ ಬೆಂಕಿ ಬೀಳುತ್ತದೆ. ಮಂಗಳೂರಿನ ಮೀನು ಗಸಿಗೆ ಒಂಚೂರು ಸಿಹಿ ಇರುವ ರೀಸ್ಲಿಂಗ್ ಅಥವಾ ಶೆನಿನ್ ಬ್ಲಾಂಕ್. ಹುಳಿ ಇರುವ ಅಡುಗೆಗೆ ಅಷ್ಟೇ ಹುಳಿಯ ವೈನ್ ಬೇಕು. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೆ ಗಾರ್ನಾಚಾ ಕೊಟ್ಟು ನೋಡಿ. ಉಪ್ಪಿನಕಾಯಿ ಜೊತೆ ಮಾತ್ರ ಯಾವುದೂ ಬದುಕುವುದಿಲ್ಲ. ನಾವು ಸೋತಿದ್ದೇವೆ.

ಉಗುಳಬೇಕಾ?

ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಹೌದು. ಆರನೇ ಗ್ಲಾಸಿಗೆ ಎಲ್ಲಾ ವೈನೂ ಅಮೃತ. ಪಕ್ಕದಲ್ಲಿ ಒಂದು ಚೊಂಬು ಇಟ್ಟುಕೊಳ್ಳಿ, ನಾಚಿಕೆ ಎರಡು ನಿಮಿಷದ್ದು. ಗಾಡಿ ಓಡಿಸಿಕೊಂಡು ಬಂದವರು ಉಗುಳಿದರೂ ಕ್ಯಾಬ್‌ನಲ್ಲೇ ಹೋಗಬೇಕು, ಇದು ನಮ್ಮ ಮನೆಯ ಕಾನೂನು.

ರೆಡ್ ವೈನ್ ಹೃದಯಕ್ಕೆ ಒಳ್ಳೇದಂತೆ?

ಆ ನೆಪ ಬೇಡ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ರುಚಿಗೆ ಕುಡಿಯುತ್ತೀರಿ, ಅಷ್ಟು ಒಪ್ಪಿಕೊಳ್ಳಿ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಾಗಿಲ್ಲ.

ಉಳಿದ ವೈನ್ ಏನು ಮಾಡುವುದು?

ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ, ಕೆಂಪಾದರೂ ಸರಿ. ಎರಡು ಮೂರು ದಿನ ತಡೆಯುತ್ತದೆ. ಮರುದಿನ ಸಂಜೆ ಒಂದು ಗುಟುಕು ಕುಡಿದು ಚೀಟಿ ತಿದ್ದುವುದು ನನ್ನ ಅಭ್ಯಾಸ. ಆ ಬೋರ್ಡೋ ಇದೆಯಲ್ಲ, ಮರುದಿನ ನಿಜವಾಗಿಯೂ ಚೆನ್ನಾಗಿತ್ತು. ಗೆಳೆಯನಿಗೆ ಇನ್ನೂ ಹೇಳಿಲ್ಲ.